ಉಂಡ ಮನೆಯ ಜಂತೆ ಎಣಿಸುವ ಕೆಲಸ

ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನೆರವಿನ ಹಣದ ಯೋಜನೆಗಳ ಮೌಲ್ಯಮಾಪನಕ್ಕೆ ಬರುವ ಕನ್ಸಲ್ಟೆಂಟ್‌ಗೆ ಅದೇ ಕಸುಬು. ಊಟ ಹಾಕಿದವರ ಮನೆಯಲ್ಲೇ ಕತ್ತೆತ್ತಿ ನೋಡಿ, ಎಷ್ಟು ಜಂತೆ ಇವೆ, ಯಾವುದಕ್ಕೆ ಗೆದ್ದಲು ಹಿಡಿದಿದೆ ಅಂತ ಬರೆದುಕೊಡಬೇಕು. ಬರೆದದ್ದನ್ನು ಊಟ ಹಾಕಿದವರೇ ಓದುತ್ತಾರೆ. ಅವರು ಸರಿಯಿದೆ ಅಂದಮೇಲೆ ಕೊನೆಯ ಕಂತು ಖಾತೆಗೆ ಬೀಳುತ್ತದೆ.

ಸುಮಾರು 15 ವರ್ಷದ ಹಿಂದೆ ಇಂಥದೊಂದು ತಂಡದ ಜೊತೆ ದುಭಾಷಿಯಾಗಿ ಚಿತ್ರದುರ್ಗ ಜಿಲ್ಲೆಯ ಊರೂರು ಸುತ್ತಿದ್ದೆ. ವಿದೇಶಿ ನೆರವಿನ ಜಲಾನಯನ ಕೆಲಸ. ‘ಜನರೇ ಮುಂದೆ ನಿಂತು ಮಾಡಿದ್ದು’ ಅನ್ನುವುದು ಅದರ ಹೆಗ್ಗಳಿಕೆ. ದೆಹಲಿಯಿಂದ ಬಂದಿದ್ದ ಕನ್ಸಲ್ಟೆಂಟ್ ಮೇಡಂ ಒಳ್ಳೆಯವರು, ಓದಿಕೊಂಡವರು, ಬಿಸಿಲಿಗೆ ಅಂಜದವರು. ಒಂದೂರಿನ ಸಮುದಾಯ ಭವನದಲ್ಲಿ ಜಮಖಾನೆ ಹಾಸಿ ಕೂರಿಸಿದ್ದರು. ಪ್ರಶ್ನಾವಳಿಯ ಹನ್ನೊಂದನೆಯದೋ ಹನ್ನೆರಡನೆಯದೋ ಪ್ರಶ್ನೆ: ಚೆಕ್ ಡ್ಯಾಂ ಎಲ್ಲಿ ಕಟ್ಟಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದೆ ಗೋಡೆಗೆ ಒರಗಿದ್ದ ಒಬ್ಬ ಯಜಮಾನರು ಅಂದರು, ‘ಸಂಸ್ಥೆಯೋರು ಜಾಗ ತೋರ್ಸಿದ್ರು. ಗೌಡ್ರು ಹೂಂ ಅಂದ್ರು. ನಾವೂ ಹೂಂ ಅಂದ್ವಿ.’

ನಾನು ಅದನ್ನು ಇಂಗ್ಲಿಷಿಗೆ ತಂದಾಗ ಉಳಿದದ್ದು ಇಷ್ಟೇ: ಸಮುದಾಯ ಒಪ್ಪಿಕೊಂಡಿತು. ಮೇಡಂ ಬರೆದುಕೊಂಡರು. ಆಗಲೇ ಮಧ್ಯಾಹ್ನ ಒಂದು ಗಂಟೆಯಾಗಿತ್ತು, ಸಂಜೆಯೊಳಗೆ ಇನ್ನೆರಡು ಊರು ಮುಗಿಸಬೇಕಿತ್ತು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಜಾಗ ತೋರಿಸಿದವರು ಒಬ್ಬರು, ಮೊದಲು ಹೂಂ ಅಂದವರು ಇನ್ನೊಬ್ಬರು, ಅವರ ಹಿಂದೆ ಹೂಂ ಅಂದವರು ಮತ್ತೊಬ್ಬರು. ಮೂವರೂ ನನ್ನ ಇಂಗ್ಲಿಷಿನಲ್ಲಿ ಕರಗಿ ಒಂದು ‘ಸಮುದಾಯ’ವಾದರು. ಸ್ಥಳೀಯರ ನೇತೃತ್ವ ಇತ್ತೇ ಇಲ್ಲವೇ ಎಂದು ನೋಡಲು ಬಂದ ತಂಡಕ್ಕೆ ಅದರ ಉತ್ತರ ಆ ಮೂರು ಪುಟ್ಟ ವಾಕ್ಯಗಳಲ್ಲೇ ಸಿಕ್ಕಿತ್ತು. ಅದು ನನ್ನ ಬಾಯಲ್ಲೇ ಕಳೆದುಹೋಯಿತು.

ಈ ಮಾತು ಈಗ ಯಾಕೆ ಅಂದರೆ, ನೆರವಿನ ಲೋಕದಲ್ಲಿ ಹತ್ತು ವರ್ಷದಿಂದ ‘ಲೋಕಲೈಸೇಷನ್’ ಎಂಬ ಮಂತ್ರ, ಅಂದರೆ ಹಣವೂ ನಿರ್ಧಾರವೂ ಸ್ಥಳೀಯರ ಕೈಗೆ ಹೋಗಲಿ ಅನ್ನುವ ಮಾತು, ಜೋರಾಗಿ ಕೇಳುತ್ತಿದೆ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದೇಶಗಳೂ ದೊಡ್ಡ ಸಂಸ್ಥೆಗಳೂ ಸೇರಿ ‘ಗ್ರ್ಯಾಂಡ್ ಬಾರ್ಗೇನ್’ ಎಂಬ ಒಪ್ಪಂದ ಮಾಡಿಕೊಂಡವು. 2020ರ ಹೊತ್ತಿಗೆ ಮಾನವೀಯ ನೆರವಿನ ಶೇ 25ರಷ್ಟು ಹಣವನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು ಅದರ ಒಂದು ಮಾತು. 2021ರಲ್ಲಿ ನೇರವಾಗಿ ಹೋದದ್ದು ಸುಮಾರು ಶೇ 1.2. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥೆ ಸಮಂತಾ ಪವರ್ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ನಿಂತು ಅದೇ 25ರ ಗುರಿಯನ್ನು ಇನ್ನೊಮ್ಮೆ ಘೋಷಿಸಿದರು. ಅದಕ್ಕೆ ನಾಲ್ಕು ವರ್ಷದ ಗಡುವು. ಅವರ ಲೆಕ್ಕದಲ್ಲೇ 2022ರ ಹಣಕಾಸು ವರ್ಷದಲ್ಲಿ ಅದು ಶೇ 10.2, ಮುಂದಿನ ವರ್ಷ 9.6. ಮೇಲೇರಬೇಕಿದ್ದದ್ದು ಕೆಳಗಿಳಿಯಿತು.

ಈ ಅಂಕಿಗಳ ಹಿಂದಿನ ಜಗಳ ಇನ್ನೂ ಸ್ವಾರಸ್ಯದ್ದು. ‘ಸ್ಥಳೀಯ’ ಅಂದರೆ ಯಾರು? ಅಮೆರಿಕದ ಒಂದು ದೊಡ್ಡ ಸಂಸ್ಥೆ ನೈರೋಬಿಯಲ್ಲಿ ಶಾಖೆ ತೆರೆದು ಅಲ್ಲಿನ ಕಾನೂನಿನ ಪ್ರಕಾರ ನೋಂದಣಿ ಮಾಡಿಸಿಕೊಂಡರೆ ಅದು ಕೀನ್ಯಾದ್ದೋ ಅಮೆರಿಕದ್ದೋ? ನೆರವಿನ ಲೆಕ್ಕಗಳ ಮೇಲೆ ಕಣ್ಣಿಡುವ ‘ಪಬ್ಲಿಷ್ ವಾಟ್ ಯು ಫಂಡ್’ ಎಂಬ ಸಂಸ್ಥೆ 2023ರಲ್ಲಿ ಹತ್ತು ದೇಶಗಳಲ್ಲಿ ಯುಎಸ್‌ಏಡ್ ಹಣದ ಜಾಡು ಹಿಡಿದು ನೋಡಿತು. ಸ್ಥಳೀಯರಿಗೆ ಹೋದ ಪಾಲು ಯುಎಸ್‌ಏಡ್‌ನ ವ್ಯಾಖ್ಯೆಯಲ್ಲಿ ಲೆಕ್ಕ ಹಾಕಿದರೆ ಶೇ 11.1, ಬಿಗಿಯಾದ ವ್ಯಾಖ್ಯೆಯಲ್ಲಿ ಹಾಕಿದರೆ ಶೇ 5.7. ಹಣ ಅದೇ, ವರ್ಷ ಅದೇ, ಸೇರು ಮಾತ್ರ ಬೇರೆ.

ಹಣ ಎಷ್ಟು ಹೋಯಿತು ಅನ್ನುವುದನ್ನು ಹೇಗೋ ಎಣಿಸಬಹುದು. ನಿರ್ಧಾರ ಯಾರು ಮಾಡಿದರು ಅನ್ನುವುದನ್ನು ಎಣಿಸುವುದು ಹೇಗೆ? ಯುಎಸ್‌ಏಡ್ ಅದಕ್ಕೂ ಒಂದು ಅಳತೆಗೋಲು ಮಾಡಿತ್ತು. 14 ಒಳ್ಳೆಯ ರೂಢಿಗಳ ಪಟ್ಟಿ, ನಾಲ್ಕು ಗುಂಪು. ಕನಿಷ್ಠ ಎರಡು ಗುಂಪಿಗೆ ಸೇರಿದ ಎರಡು ರೂಢಿಗಳನ್ನು ಪಾಲಿಸಿದರೆ ಆ ಯೋಜನೆ ‘ಸ್ಥಳೀಯರ ನೇತೃತ್ವದ್ದು’. 14ಕ್ಕೆ 2! ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಈ ಭಾಗ್ಯ ಇಲ್ಲ.

ಹೀಗೆ ಅಳತೆಗೆ ಬೇಡಿಕೆ ಹುಟ್ಟಿದಲ್ಲಿ ಅಳೆಯುವವರಿಗೂ ಬೇಡಿಕೆ. ಕನ್ಸಲ್ಟೆಂಟ್ ಬೇಕಾಗಿದ್ದಾರೆ ಎಂಬ ಜಾಹೀರಾತಿನ ಜೊತೆಗೊಂದು ದಾಖಲೆ ಇರುತ್ತದೆ. ಕಚೇರಿ ಮಾತಿನಲ್ಲಿ ಟಿಒಆರ್ (ಟರ್ಮ್ಸ್ ಆಫ್ ರೆಫರೆನ್ಸ್). ಏನನ್ನು ನೋಡಬೇಕು, ಎಷ್ಟು ದಿನ, ಎಷ್ಟು ಹಣ, ಯಾವ ಭಾಷೆ, ಯಾರಿಗೆ ವರದಿ, ಎಲ್ಲ ಅದರಲ್ಲಿರುತ್ತದೆ. ಮೌಲ್ಯಮಾಪನದ ಬಗ್ಗೆ ನಡೆಯುವ ಚರ್ಚೆಯೆಲ್ಲ ವರದಿಯ ಸುತ್ತ ಸುತ್ತುತ್ತದೆ. ಆದರೆ ವರದಿಯಲ್ಲಿ ಏನು ಬರಬಹುದು, ಏನು ಬರಲಾರದು ಅನ್ನುವುದು ಕನ್ಸಲ್ಟೆಂಟ್ ಊರಿಗೆ ಕಾಲಿಡುವ ಮುಂಚೆಯೇ ಆ ಎಂಟು ಹತ್ತು ಪುಟಗಳಲ್ಲಿ ತೀರ್ಮಾನವಾಗಿರುತ್ತದೆ.

ದಿನಗಳ ಲೆಕ್ಕ ನೋಡಿ. 30 ದಿನದ ಗುತ್ತಿಗೆ ಅಂತ ಇಟ್ಟುಕೊಳ್ಳಿ. ಕಡತ ಓದಲು 5 ದಿನ. ಹೇಗೆ ಕೆಲಸ ಮಾಡುತ್ತೇನೆಂದು ಬರೆದುಕೊಡುವ ಇನ್ಸೆಪ್ಷನ್ ರಿಪೋರ್ಟಿಗೆ 3. ಫೀಲ್ಡಿಗೆ 10. ವಿಶ್ಲೇಷಣೆ, ಡ್ರಾಫ್ಟಿಗೆ 8. ಪ್ರೆಸೆಂಟೇಷನ್ 1, ತಿದ್ದುಪಡಿ 3. ಫೀಲ್ಡಿನ ಹತ್ತರಲ್ಲಿ ಹೋಗಿ ಬರಲು ಎರಡು ದಿನ, ಸಂಸ್ಥೆಯ ಕಚೇರಿಯಲ್ಲಿ ಒಂದು, ಜಿಲ್ಲಾ ಪಂಚಾಯತಿ ಮತ್ತು ಇಲಾಖೆಗಳ ಸಾಹೇಬರನ್ನು ಕಾಯುವುದರಲ್ಲಿ ಒಂದು. ಉಳಿದ ಆರು ದಿನಕ್ಕೆ 12 ಊರು. ಊರಿಗೆ ಅರ್ಧ ದಿನ. ಅಂದರೆ ಹನ್ನೊಂದಕ್ಕೆ ಜೀಪು ಬರುತ್ತದೆ, ಹಾರ, ಶಾಲು, ಎಳನೀರು ಮುಗಿಯುವಾಗ ಹನ್ನೊಂದೂವರೆ, ಒಂದೂವರೆಗೆ ಊಟ. ಕಳೆ ಕೀಳಲು ಹೋದ ಹೆಂಗಸರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಕೂಲಿ ಬಿಟ್ಟು ಬಂದು ಕೂರುವವರು ಕೂಲಿಯ ಅಗತ್ಯ ಇಲ್ಲದವರು. ಅವರೇ ಅವತ್ತಿನ ಫೋಕಸ್ ಗ್ರೂಪ್, ಅಂದರೆ ಊರಿನ ಪರವಾಗಿ ಗುಂಪಾಗಿ ಕೂತು ಉತ್ತರ ಹೇಳುವವರು.

ಇದು ಹೊಸ ದೂರೇನಲ್ಲ. ಬ್ರಿಟನ್ನಿನ ಅಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ 1980ರ ದಶಕದ ಆರಂಭದಲ್ಲೇ ಇದನ್ನು ಗ್ರಾಮೀಣಾಭಿವೃದ್ಧಿಯ ಪ್ರವಾಸೋದ್ಯಮ ಎಂದು ಕರೆದಿದ್ದರು. ಹೊರಗಿನವರು ಟಾರು ರಸ್ತೆ ಪಕ್ಕದ ಊರನ್ನೇ ನೋಡುತ್ತಾರೆ, ಮಳೆಗಾಲ ಕಳೆದು ಹೊಟ್ಟೆ ತುಂಬಿದ ದಿನಗಳಲ್ಲೇ ಬರುತ್ತಾರೆ, ಯೋಜನೆ ನಡೆದ ಕಡೆಯೇ ಹೋಗುತ್ತಾರೆ, ಗಂಡಸರನ್ನೂ ಮುಖಂಡರನ್ನೂ ಮಾತಾಡಿಸುತ್ತಾರೆ, ಸಂಕೋಚಕ್ಕೆ ಬಿದ್ದು ಕಹಿ ಪ್ರಶ್ನೆ ಕೇಳುವುದಿಲ್ಲ, ತಮ್ಮ ಕಸುಬಿಗೆ ಸಂಬಂಧಿಸಿದ್ದಷ್ಟೇ ಅವರ ಕಣ್ಣಿಗೆ ಬೀಳುತ್ತದೆ. ನಲವತ್ತು ವರ್ಷ ಕಳೆದಿದೆ. ಜೀಪಿನ ಬದಲು ಇನೋವಾ ಬಂದಿದೆ.

ಚೇಂಬರ್ಸ್ ಹೇಳಿದ್ದಕ್ಕೆ ಮದ್ದು ಹುಡುಕಿದ ಜಾಗಗಳಲ್ಲಿ ನಮ್ಮ ಕಲಬುರಗಿಯೂ ಒಂದು. 1980ರ ದಶಕದ ಕೊನೆಯಲ್ಲಿ ಸ್ವಿಸ್ ನೆರವಿನ ಜಲಾನಯನ ಯೋಜನೆಯೊಂದರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಪ್ರಶ್ನಾವಳಿ ಬಿಟ್ಟು, ಜನರ ಕೈಗೇ ರಂಗೋಲಿ ಪುಡಿ ಕೊಟ್ಟು ನೆಲದ ಮೇಲೆ ಊರಿನ ನಕ್ಷೆ ಬಿಡಿಸಲು ಹೇಳುವ ಪದ್ಧತಿಯನ್ನು ಬೆಳೆಸಿತು. ಅವರು ಅದಕ್ಕೆ ‘ಪಾಮ್’ ಎಂದು ಹೆಸರಿಟ್ಟಿದ್ದರು, ಲೋಕದಲ್ಲಿ ಓಡಾಡಿದ ಹೆಸರು ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್). ನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಅಂತ ಎಂಜಿನಿಯರಿಗಿಂತ ಕುರಿ ಕಾಯುವವನಿಗೆ ಚೆನ್ನಾಗಿ ಗೊತ್ತು ಅನ್ನುವುದು ಆ ನಕ್ಷೆಗಳಲ್ಲಿ ಕಾಣುತ್ತಿತ್ತು. ಆಮೇಲೆ ಆದದ್ದು ಎಲ್ಲ ಒಳ್ಳೆಯ ಪದ್ಧತಿಗಳಿಗೂ ಆಗುವಂಥದೇ. ಪಿಆರ್‌ಎ ಮಾಡಿಸಲೇಬೇಕು ಎಂದು ಟಿಒಆರ್‌ನಲ್ಲಿ ಬರೆದರು, ಅದಕ್ಕೊಂದು ದಿನ ಕೊಟ್ಟರು, ಫೋಟೊ ಕಡ್ಡಾಯ ಮಾಡಿದರು. ರಂಗೋಲಿ ಬಿಡಿಸುವುದು, ಫೋಟೊ ಹೊಡೆಯುವುದು, ಗುಡಿಸುವುದು.

ಇನ್ನೊಂದು ತುದಿಗೆ ‘ಸುಜಲ’. 2001ರಿಂದ 2009ರವರೆಗೆ ವಿಶ್ವಬ್ಯಾಂಕ್ ಸಾಲದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಜಲಾನಯನ ಯೋಜನೆ. ಅದರ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನಕ್ಕೆ ಗೊತ್ತುಮಾಡಿದ್ದು ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಸಂಸ್ಥೆಯನ್ನು. ಉಪಗ್ರಹ ಚಿತ್ರ ಇಟ್ಟುಕೊಂಡು ಯಾವ ಭಾಗ ಹಸಿರಾಯಿತು ಎಂದು ನೋಡುವುದರ ಜೊತೆಗೆ ಮನೆ ಮನೆ ಸಮೀಕ್ಷೆಯೂ ನಡೆಯಿತು. ಯೋಜನೆ ಮುಗಿದಮೇಲೆ ಬಂದು ಹೋಗುವ ಪ್ರವಾಸವಾಗಿರದೆ ನಡುವೆಯೇ ಜೊತೆಗಿದ್ದು ನೋಡಿದ ಕೆಲಸ ಅದು, ಈ ಮಟ್ಟಿಗೆ ಮೆಚ್ಚಬೇಕಾದದ್ದೇ. ಆದರೂ ಆಕಾಶದಿಂದ ಹಸಿರು ಕಾಣುತ್ತದೆ, ಹಸಿರು ಯಾರ ಹೊಲದಲ್ಲಿದೆ ಅನ್ನುವುದು ಕಾಣುವುದಿಲ್ಲ. ಅದಕ್ಕೆ ಮತ್ತೆ ಜಮಖಾನೆ ಹಾಸಿ ಕೂರಲೇಬೇಕು.

ಕೂತಮೇಲೆ ಏನು ಕೇಳುತ್ತಾರೆ? ಜಗತ್ತಿನಾದ್ಯಂತ ಇಂಥ ಟಿಒಆರ್‌ಗಳಲ್ಲಿ ಕಾಣುವುದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನೆರವು ಸಮಿತಿ ಹಾಕಿಕೊಟ್ಟ ಮಾನದಂಡಗಳು. 1991ರಲ್ಲಿ ಐದಿದ್ದವು: ಯೋಜನೆ ಅಗತ್ಯಕ್ಕೆ ತಕ್ಕುದೇ, ಗುರಿ ಮುಟ್ಟಿತೇ, ಹಣಕ್ಕೆ ತಕ್ಕ ಕೆಲಸವಾಯಿತೇ, ಪರಿಣಾಮ ಏನು, ಬಾಳಿಕೆ ಬರುತ್ತದೆಯೇ. 2019ರಲ್ಲಿ ಉಳಿದ ಯೋಜನೆಗಳ ಜೊತೆ ಹೊಂದಾಣಿಕೆ ಇದೆಯೇ ಎಂಬ ಆರನೆಯದು ಸೇರಿತು. ಆರೂ ಒಳ್ಳೆಯ ಪ್ರಶ್ನೆಗಳೇ. ಆದರೆ ಯಾರು ತೀರ್ಮಾನಿಸಿದರು, ಬೇಡ ಅನ್ನುವ ಅಧಿಕಾರ ಯಾರಿಗಿತ್ತು, ಯಾರಾದರೂ ಒಮ್ಮೆಯಾದರೂ ಬೇಡ ಅಂದರೇ ಎಂಬುದಕ್ಕೆ ಆರರಲ್ಲಿ ನೇರವಾದ ಖಾನೆ ಇಲ್ಲ. ಸ್ಥಳೀಯರ ನೇತೃತ್ವವನ್ನು ಅಳೆಯಲು ಹೋಗುವವರು ಇದೇ ಆರರ ಚೌಕಟ್ಟಿನಲ್ಲಿ ಹೋದರೆ, ಚೆಕ್ ಡ್ಯಾಂ ಗಟ್ಟಿಯಾಗಿದೆ, ನೀರು ನಿಂತಿದೆ, ಅಂತರ್ಜಲ ಏರಿದೆ ಎಂದು ಬರೆದು ಬರುತ್ತಾರೆ. ಗೌಡರ ಹೂಂ ಎಲ್ಲೂ ಬರುವುದಿಲ್ಲ.

ನನಗೆ ಹೆಚ್ಚು ಕಾಡುವ ಪ್ರಶ್ನೆ ‘ಸ್ಥಳೀಯರು’ ಎಂಬ ಪದದ್ದೇ. ದಾನಿಗಳು ಅದನ್ನು ಒಂದು ಮುಖ ಎಂಬಂತೆ ನೋಡುತ್ತಾರೆ. ಒಂದು ಕೆರೆಯನ್ನೇ ತೆಗೆದುಕೊಳ್ಳಿ. ಅಚ್ಚುಕಟ್ಟಿನಲ್ಲಿ ಗದ್ದೆ ಇರುವವನಿಗೆ ನೀರು ಬೇಕು. ಅಂಗಳದಲ್ಲಿ ಒತ್ತುವರಿ ಮಾಡಿಕೊಂಡವನಿಗೆ ನೀರು ನಿಲ್ಲುವುದೇ ಬೇಡ. ಮೀನು ಹಿಡಿಯುವವರಿಗೆ ಬೇಸಿಗೆಯಲ್ಲೂ ಒಂದಿಷ್ಟು ಉಳಿಯಬೇಕು. ಕುಂಬಾರರಿಗೆ ಮಣ್ಣು, ದನ ಮೇಯಿಸುವವರಿಗೆ ಅಂಚಿನ ಹುಲ್ಲು. ತೂಬು ಎತ್ತಿ ಇಳಿಸುವ ನೀರಗಂಟಿ ಅನೇಕ ಊರುಗಳಲ್ಲಿ ದಲಿತ, ಕೆರೆಯ ಬಗ್ಗೆ ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಸಭೆಯಲ್ಲಿ ಅವನು ನಿಂತಿರುತ್ತಾನೆ, ಕೂತಿರುವುದಿಲ್ಲ. ಇಲ್ಲಿ ‘ಸ್ಥಳೀಯರ ನೇತೃತ್ವ’ ಅಂದರೆ ಯಾರದು? ವಾಷಿಂಗ್ಟನ್ನಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ತಾಲ್ಲೂಕಿಗೆ ಬಂದ ಅಧಿಕಾರ ಗೌಡರ ಪಡಸಾಲೆಯಲ್ಲಿ ನಿಂತುಬಿಟ್ಟರೆ ಅದು ಶೇ 25ರ ಲೆಕ್ಕದಲ್ಲಿ ಗೆಲುವು.

ಹೊರಗಿನ ಕನ್ಸಲ್ಟೆಂಟ್ ಬೇಕೇ ಬೇಕು ಅನ್ನುವುದಕ್ಕೆ ಒಳ್ಳೆಯ ಕಾರಣ ಸಿಗುವುದೂ ಇಲ್ಲಿಯೇ. ನೀರಗಂಟಿ ಊರವರ ಮುಂದೆ ಆಡದ ಮಾತನ್ನು ಅಪರಿಚಿತರ ಮುಂದೆ, ಏರಿ ಮೇಲೆ ನಡೆಯುತ್ತ ನಡೆಯುತ್ತ ಆಡಬಹುದು. ಊರಿಗೆ ಊರೇ ಒಳಗೊಳಗೇ ಮುಚ್ಚಿಕೊಂಡದ್ದನ್ನು ಹೊರಗಿನವರು ಕಂಡುಹಿಡಿದ ಉದಾಹರಣೆಗಳು ಬೇಕಾದಷ್ಟಿವೆ. ಕನ್ಸಲ್ಟೆಂಟ್‌ಗಳೇ ಬೇಡ, ಜನರೇ ತಮ್ಮನ್ನು ತಾವು ಅಳೆದುಕೊಳ್ಳಲಿ ಎನ್ನುವವರ ಜೊತೆ ನಾನಿಲ್ಲ. ಹೊರಗಿನ ಕಣ್ಣು ಬೇಕು. ನನ್ನ ತಕರಾರು ಆ ಕಣ್ಣು ಯಾರಿಗೆ ಉತ್ತರ ಹೇಳಬೇಕು ಅನ್ನುವುದರ ಬಗ್ಗೆ. ಒಬ್ಬ ಯೋಗ್ಯ ಕನ್ಸಲ್ಟೆಂಟ್‌ನ ಪಾಡು ನೋಡಿ. ಡ್ರಾಫ್ಟ್ ಕಳಿಸುತ್ತಾರೆ. ದಾನಿ ಸಂಸ್ಥೆಯಿಂದಲೂ ಯೋಜನೆ ನಡೆಸಿದವರಿಂದಲೂ ಪುಟದ ಅಂಚಿನ ತುಂಬ ಟಿಪ್ಪಣಿ ಬರುತ್ತದೆ: ಈ ಪದ ಕಟುವಾಯಿತು, ಇದಕ್ಕೆ ಪುರಾವೆ ಎಲ್ಲಿ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಊರಿನಿಂದ ಒಂದೂ ಟಿಪ್ಪಣಿ ಬರುವುದಿಲ್ಲ, ಊರಿಗೆ ಡ್ರಾಫ್ಟ್ ಹೋಗಿದ್ದರೆ ತಾನೆ. ‘ವಿಫಲವಾಗಿದೆ’ ಎಂದಿದ್ದದ್ದು ‘ಸುಧಾರಣೆಗೆ ಅವಕಾಶವಿದೆ’ ಎಂದಾಗುತ್ತದೆ. ಯಾರೂ ಲಂಚ ಕೊಟ್ಟಿಲ್ಲ, ಯಾರೂ ಬೆದರಿಸಿಲ್ಲ. ಸಹಿ ಹಾಕುವವರ ಕಡೆಗೆ ವರದಿ ತಾನಾಗಿ ವಾಲುತ್ತದೆ, ಗಾಳಿ ಬೀಸಿದ ಕಡೆಗೆ ಜೋಳದ ತೆನೆ ವಾಲುವ ಹಾಗೆ.

ನಮ್ಮ ರಾಜ್ಯ ತನ್ನದೇ ಯೋಜನೆಗಳ ವಿಚಾರದಲ್ಲಿ ಇದಕ್ಕೊಂದು ಅರ್ಧ ಉತ್ತರ ಕಂಡುಕೊಂಡಿದೆ. 2011ರಲ್ಲಿ ಶುರುವಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇಲಾಖೆಗೂ ಕನ್ಸಲ್ಟೆಂಟ್ ಸಂಸ್ಥೆಗೂ ನಡುವೆ ನಿಲ್ಲುತ್ತದೆ. ಯೋಜನೆ ನಡೆಸಿದ ಇಲಾಖೆಯೇ ಪರೀಕ್ಷಕನನ್ನು ಆರಿಸಿಕೊಂಡು ಅಂಕವನ್ನೂ ಒಪ್ಪಿಕೊಳ್ಳುವ ನೇರ ದಾರಿಯನ್ನು ಅದು ಕಡಿದಿದೆ. ಅರ್ಧ ಉತ್ತರ ಯಾಕೆಂದರೆ ನಡುವೆ ನಿಂತದ್ದೂ ಬೆಂಗಳೂರಿನದೇ ಇನ್ನೊಂದು ಕಚೇರಿ.

ವಿದೇಶಿ ನೆರವಿನ ಮಾತಿಗೆ ಬಂದರೆ ನಮ್ಮಲ್ಲಿ ಕಾನೂನಿನ ಗಂಟು ಬೇರೆ. 2020ರ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ವಿದೇಶದಿಂದ ಪಡೆದ ಹಣದಲ್ಲಿ ಒಂದು ಪಾಲನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇದ್ದ ತಾಲ್ಲೂಕಿನ ಸಣ್ಣ ಸಂಸ್ಥೆಗೆ ವರ್ಗಾಯಿಸಬಹುದಿತ್ತು. ಆ ವರ್ಷದ ತಿದ್ದುಪಡಿ ಅದನ್ನು ಪೂರಾ ನಿಲ್ಲಿಸಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಹಣ ಮೊದಲು ದೆಹಲಿಯ ಸಂಸತ್ ಮಾರ್ಗದ ಎಸ್‌ಬಿಐ ಶಾಖೆಗೇ ಬರಬೇಕು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ವಿದೇಶಿ ಹಣದ ಮೇಲೆ ಸರ್ಕಾರ ಕಣ್ಣಿಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ದಾನಿಗಳು ‘ಸಣ್ಣ ಸ್ಥಳೀಯ ಸಂಸ್ಥೆಗೆ ಕೊಡಿ’ ಅನ್ನುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಆ ಕಾಲುವೆಗೆ ಕಲ್ಲು ಬಿತ್ತು. ಅಮೆರಿಕದ ದಾನಿಗೆ ಶಿರಾದ ಮಹಿಳಾ ಒಕ್ಕೂಟದ ಜೊತೆ ನೇರ ಪತ್ರವ್ಯವಹಾರ ಆಗದ ಮಾತು; ನಡುವೆ ಇದ್ದವರು ದಾಟಿಸುವಂತಿಲ್ಲ.

ಕನ್ಸಲ್ಟೆಂಟ್ ಶುಲ್ಕಕ್ಕೂ ಇದರ ಬಿಸಿ ತಟ್ಟುತ್ತದೆ. ಎಫ್‌ಸಿಆರ್‌ಎ ನಿಯಮಗಳಲ್ಲಿ ಆಡಳಿತ ವೆಚ್ಚ ಯಾವುದೆಂದು ಪಟ್ಟಿ ಮಾಡಿರುವಲ್ಲಿ ವರದಿ ಬರೆದು ಸಲ್ಲಿಸುವ ಖರ್ಚೂ ಇದೆ, ವೃತ್ತಿಪರ ಶುಲ್ಕವೂ ಇದೆ. ಬಾಡಿಗೆ, ಕಚೇರಿ ಸಂಬಳ, ವಾಹನ, ಆಡಿಟ್ ಎಲ್ಲ ಸೇರಿ ಇಪ್ಪತ್ತರೊಳಗೆ ನಿಲ್ಲಬೇಕಾದಾಗ ಅಕೌಂಟೆಂಟ್ ಮೊದಲು ಕತ್ತರಿ ಹಾಕುವುದು ಎಲ್ಲಿಗೆ ಅಂತ ಊಹಿಸಬಹುದು. ಹತ್ತು ದಿನದ ಫೀಲ್ಡ್ ಆರಕ್ಕೆ ಇಳಿಯುತ್ತದೆ. ಕನ್ನಡ ಅನುವಾದದ ಸಾಲು ಅಳಿಸಿಹೋಗುತ್ತದೆ.

ಮೇಲಿನಿಂದ ಬರುವ ನೀರೂ ಬತ್ತುತ್ತಿದೆ. ಯುಎಸ್‌ಏಡ್ ತನ್ನ ನೆರವಿನ ಕೆಲಸವನ್ನು 2025ರ ಜುಲೈ 1ಕ್ಕೆ ಅಧಿಕೃತವಾಗಿ ನಿಲ್ಲಿಸಿತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದಲ್ಲಿ ನೆರವಿನ ಪಾಲನ್ನು 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಅಮೆರಿಕದ ಪ್ರಕರಣದಲ್ಲಿ ಒಂದು ಸಂಗತಿ ನನಗೆ ಮರೆಯಲಾಗುತ್ತಿಲ್ಲ. 2025ರ ಫೆಬ್ರವರಿ ಮೊದಲ ದಿನ ಯುಎಸ್‌ಏಡ್‌ನ ಜಾಲತಾಣವೇ ಕಣ್ಮರೆಯಾಯಿತು. ಅಲ್ಲಿದ್ದ ವರದಿಗಳಿಗೆ ದಾರಿ ಮುಚ್ಚಿತು. ಎಷ್ಟು ದೇಶ, ಎಷ್ಟು ಊರುಗಳ ಜನ ಕೂಲಿ ಬಿಟ್ಟು ಕೂತು ಕೊಟ್ಟ ಉತ್ತರಗಳು! ಅವು ಆ ಊರುಗಳಲ್ಲಿ ಯಾರ ಬೀರುವಿನಲ್ಲೂ ಇರಲಿಲ್ಲ. ಸಾವಿರಾರು ಮೈಲಿ ದೂರದ ಸರ್ವರ್‌ನಲ್ಲಿದ್ದವು, ಅದರ ಯಜಮಾನರು ದೀಪ ಆರಿಸಿದರು.

ಇನ್ನು ನಾವೂ ಬರೀ ಪಡೆಯುವವರಲ್ಲ. ಭಾರತ ನೇಪಾಳದಲ್ಲಿ 2003ರಿಂದ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರಿನಂಥ ಸಣ್ಣ ಯೋಜನೆಗಳಿಗೆ ಅಲ್ಲಿನ ಸ್ಥಳೀಯ ಆಡಳಿತಗಳ ಮೂಲಕವೇ ಹಣ ಕೊಡುತ್ತ ಬಂದಿದೆ. 2024ರ ಜನವರಿಯಲ್ಲಿ ಒಂದೊಂದು ಯೋಜನೆಯ ಮಿತಿ 5 ಕೋಟಿ ನೇಪಾಳಿ ರೂಪಾಯಿಯಿಂದ 20 ಕೋಟಿಗೆ ಏರಿತು. ಕಲಬುರಗಿಯ ರಂಗೋಲಿ ನಕ್ಷೆ ಕಂಡ ದೇಶ ಅಲ್ಲಿ ಊಟ ಹಾಕುವ ಮನೆಯಾಗಿದೆ. ಜಂತೆ ಎಣಿಸಲು ಬರುವವರು ಯಾರಿಗೆ ವರದಿ ಕೊಡುತ್ತಾರೆ ಅಂತ ನೇಪಾಳದ ಜನಕಪುರದವರೂ ಕೇಳಬಹುದಲ್ಲ.

ಬೇರೆ ದಾರಿಯ ಸುಳಿವಿಗೆ ದೂರ ಹೋಗಬೇಕಾಗಿಲ್ಲ. 1994ರ ಕೊನೆಯಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಊರಿನ ನಡುವೆ ಮಸ್ಟರ್ ರೋಲನ್ನು (ಕೂಲಿಯ ಹಾಜರಿ ಪಟ್ಟಿ) ಗಟ್ಟಿಯಾಗಿ ಓದಿಸುವ ಜನ ಸುನವಾಯಿ, ಅಂದರೆ ಜನರ ಮುಂದಿನ ವಿಚಾರಣೆ, ಶುರುಮಾಡಿತು. ಸತ್ತವರ ಹೆಸರಲ್ಲಿ ಕೂಲಿ ಎತ್ತಿದ್ದು ಹೀಗೆ ಓದಿದಾಗಲೇ ಹೊರಬರುತ್ತಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಗ್ರಾಮಸಭೆಗೆ ಸಾಮಾಜಿಕ ಲೆಕ್ಕ ಪರಿಶೋಧನೆಯ ಅಧಿಕಾರ ಕೊಟ್ಟಿತು. ನಮ್ಮಲ್ಲಿ ಅದು ಎಷ್ಟೋ ಕಡೆ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಯಿತು ಅನ್ನುವುದು ನಿಜ. ಆದರೂ ಅದರ ಒಂದು ಅಂಶ ಬಹಳ ಗಟ್ಟಿ: ವರದಿ ಮೇಲಕ್ಕೆ ಹೋಗುವ ಮುಂಚೆ, ಅದರಲ್ಲಿರುವ ಹೆಸರಿನವರ ಎದುರಿಗೇ, ಅವರ ಮಾತಿನಲ್ಲೇ ಓದಬೇಕು. ‘ಸಮುದಾಯ ಒಪ್ಪಿತು’ ಎಂಬ ನನ್ನ ವಾಕ್ಯವನ್ನು ಆ ಸಮುದಾಯ ಭವನದಲ್ಲಿ ಓದಿದ್ದರೆ ಗೋಡೆಗೆ ಒರಗಿದ್ದ ಯಜಮಾನರು ಸುಮ್ಮನಿರುತ್ತಿದ್ದರೇ? ಬಹುಶಃ ಗೌಡರ ಮುಖ ನೋಡಿ ಸುಮ್ಮನಿರುತ್ತಿದ್ದರು. ಆದರೆ ಯಾರಾದರೂ ಒಬ್ಬರು ನಕ್ಕಾದರೂ ನಗುತ್ತಿದ್ದರು. ಎಚ್ಚರ ಇರುವ ಕನ್ಸಲ್ಟೆಂಟ್‌ಗೆ ಅಷ್ಟು ಸಾಕು, ಯಾಕೆ ನಕ್ಕಿದ್ದು ಅಂತ ಕೇಳಲು.

ಹಾಗಾಗಿ ಕನ್ಸಲ್ಟೆಂಟ್ ಹುಡುಕುತ್ತಿರುವ ಸಂಸ್ಥೆಯವರು ಅಭ್ಯರ್ಥಿಯ ಸಿವಿಗಿಂತ ಮೊದಲು ತಮ್ಮ ಟಿಒಆರ್‌ನ ಪಾವತಿ ಪುಟ ತೆಗೆದು ನೋಡಲಿ. ಶೇ 30, 40, 30ರಂತೆ ಮೂರು ಕಂತು ಹಾಕಿದ್ದರೆ ಕೊನೆಯ ಶೇ 30 ಬಿಡುಗಡೆಯಾಗುವುದು ಯಾರ ಸಹಿಯ ಮೇಲೆ? ಆ ಜಾಗದಲ್ಲಿ, ಡ್ರಾಫ್ಟನ್ನು ಊರಿನಲ್ಲಿ ಕನ್ನಡದಲ್ಲಿ ಓದಿ, ಬಂದ ತಕರಾರುಗಳನ್ನು ಇದ್ದ ಹಾಗೇ ವರದಿಗೆ ಲಗತ್ತಿಸಿದ ನಂತರ ಎಂದು ಒಂದು ವಾಕ್ಯ ಬರೆದರೆ 30 ದಿನದ ಗುತ್ತಿಗೆ 34 ಆಗಬಹುದು. ದುಭಾಷಿಗೂ ಪ್ರತ್ಯೇಕ ದುಡ್ಡಿಡಲಿ, ಸಂಸ್ಥೆಯ ಸಿಬ್ಬಂದಿಯನ್ನೇ ದುಭಾಷಿ ಮಾಡುವುದು ನಿಲ್ಲಲಿ, ರೆಕಾರ್ಡ್ ಮಾಡಿ ಮಾತನ್ನು ಇದ್ದಂತೆ ಬರೆಸಲಿ. ನಾನು ಹಸಿದಿದ್ದೆ, ಅದಕ್ಕೇ ಚಿಕ್ಕದು ಮಾಡಿ ಹೇಳಿದೆ. ಇದು ಯಾವ ಮಾನದಂಡದ ಪಟ್ಟಿಯಲ್ಲೂ ಬರುವುದಿಲ್ಲ.

ಓದುವ ಸಭೆ ಸಂಜೆ ಏಳರ ಮೇಲೆ ಇರಲಿ, ಹೆಂಗಸರು ಹೊಲದಿಂದ ಬಂದು ಒಲೆ ಕೆಲಸ ಮುಗಿಸಿದ ಹೊತ್ತಿಗೆ. ಬಜೆಟ್ಟಿನಲ್ಲಿ ಇದಕ್ಕೆ ಬೇಕಾದದ್ದು ಹೆಚ್ಚೇನಲ್ಲ: ಮೈಕ್ ಸೆಟ್ ಬಾಡಿಗೆ, ಎರಡು ಟ್ಯೂಬ್‌ಲೈಟ್, ಇನ್ನೂರು ಜನಕ್ಕೆ ಟೀ, ಕನ್ಸಲ್ಟೆಂಟ್‌ಗೆ ರಾತ್ರಿ ಊರಿನಲ್ಲೇ ಉಳಿಯಲು ಒಂದು ಕೋಣೆ. ಕೋಣೆ ಗೌಡರ ಮನೆಯದಾಗಿರಬಾರದು, ಅಷ್ಟೇ.